ತೆರೆದ ಅಗ್ಗಿಷ್ಟಿಕೆಯ ಜಾಗಕ್ಕೆ ಇನ್‌ಸೆಟ್ ಬಾಯ್ಲರ್ ಸ್ಟವ್: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಐರ್ಲೆಂಡಿನಲ್ಲಿ ಮೂವತ್ತು ನಲವತ್ತು ವರ್ಷ ಹಳೆಯ ಮನೆಯನ್ನು ಕೊಂಡವರಿಗೆ ಹಾಲ್‌ನ ಗೋಡೆಯ ನಡುವೆ ತೆರೆದ ಅಗ್ಗಿಷ್ಟಿಕೆಯೊಂದು ಸಿಗುವುದು ಬಹುಮಟ್ಟಿಗೆ ಖಚಿತ; ಅದರ ಹಿಂಬದಿಯಲ್ಲಿ ನೀರು ಕಾಯಿಸುವ ಹಳೆಯ ಬ್ಯಾಕ್ ಬಾಯ್ಲರ್ ಅಡಗಿರುವುದೂ ಅಪರೂಪವಲ್ಲ. ನೋಡಲು ಚೆಂದವಿದ್ದರೂ ತೆರೆದ ಬೆಂಕಿ ಇಂಧನವನ್ನು ಧಾರಾಳವಾಗಿ ನುಂಗುತ್ತದೆ. ಸುಟ್ಟ ಸೌದೆಯ ಶಾಖದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ ಕೋಣೆಗೆ ದಕ್ಕಿ, ಉಳಿದದ್ದು ಚಿಮಣಿಯ ಮೂಲಕ ಹೊರಗೆ ಹೋಗುತ್ತದೆ. ಹೋಗುವಾಗ ಮನೆಯೊಳಗಿನ ಬೆಚ್ಚನೆಯ ಗಾಳಿಯನ್ನೂ ಎಳೆದುಕೊಂಡೇ ಹೋಗುತ್ತದೆ. ಅದೇ ಗೂಡಿನೊಳಗೆ ಕೂರುವ, ಗಾಜಿನ ಬಾಗಿಲುಳ್ಳ, ಒಳಗೋಡೆಯ ಸುತ್ತ ನೀರಿನ ಕವಚವಿರುವ ಇನ್‌ಸೆಟ್ ಬಾಯ್ಲರ್ ಸ್ಟವ್ ಶೇಕಡಾ 70ರಿಂದ 80ರವರೆಗೆ ಶಾಖವನ್ನು ಉಳಿಸಿಕೊಂಡು, ಒಂದು ಪಾಲನ್ನು ಕೋಣೆಗೂ ಮತ್ತೊಂದು ಪಾಲನ್ನು ನೀರಿಗೂ ಹಂಚುತ್ತದೆ. ಮಲೆನಾಡಿನ ಬಚ್ಚಲುಮನೆಯ ಹಂಡೆ ಒಲೆಯನ್ನು ಕಂಡವರಿಗೆ ಇದರ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿರುವುದು ಇಲ್ಲಿನ ನೀರು ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಳಗೆ ಕಾಯುತ್ತದೆ ಎಂಬಲ್ಲಿ, ಮತ್ತು ಈ ವಿಷಯದ ಅಪಾಯಗಳೆಲ್ಲ ಹುಟ್ಟುವುದೂ ಅಲ್ಲಿಂದಲೇ.

ಹೆಚ್ಚಿನವರು ಅಂಗಡಿಗೆ ಹೋಗಿ, ಮುಖ ಚೆನ್ನಾಗಿರುವ, ಹೆಚ್ಚು ಕಿಲೋವ್ಯಾಟ್ ಬರೆದಿರುವ ಒಲೆಯೊಂದನ್ನು ಆರಿಸಿ, ಆಮೇಲೆ ಅದನ್ನು ಮನೆಗೆ ಹೊಂದಿಸಲು ಪ್ಲಂಬರನನ್ನು ಹುಡುಕುತ್ತಾರೆ. ಕ್ರಮ ತಿರುಗುಮುರುಗಾಗಬೇಕು. ಚಿಮಣಿ, ಗೂಡಿನ ಅಳತೆ, ನೀರಿನ ಸುತ್ತು (ಬಾಯ್ಲರಿನಿಂದ ಹೊರಟು ಅಲ್ಲಿಗೇ ಮರಳುವ ಪೈಪುಗಳ ಜಾಲ), ಇಂಧನ ಇವು ನಾಲ್ಕೂ ತೀರ್ಮಾನವಾದ ಮೇಲೆ ಕೊನೆಯಲ್ಲಿ ಆರಿಸಬೇಕಾದ ವಸ್ತು ಒಲೆ. ಆ ಹೊತ್ತಿಗೆ ಮಾರುಕಟ್ಟೆಯಲ್ಲಿರುವ ಹತ್ತಾರು ಮಾದರಿಗಳಲ್ಲಿ ಎರಡೋ ಮೂರೋ ಉಳಿದಿರುತ್ತವೆ.

ಮೊದಲ ಪ್ರಶ್ನೆ: ಬಾಯ್ಲರ್ ನಿಜಕ್ಕೂ ಬೇಕೇ?

ಇನ್‌ಸೆಟ್ ಸ್ಟವ್‌ಗಳಲ್ಲಿ ಬಾಯ್ಲರ್ ಇಲ್ಲದವೂ ಇವೆ. ಕೋಣೆಯೊಂದನ್ನು ಮಾತ್ರ ಬಿಸಿಮಾಡುವ ಅವುಗಳ ಬೆಲೆಯೂ ಕಡಿಮೆ, ಅಳವಡಿಕೆಯೂ ಸುಲಭ, ಗಾಜೂ ಹೆಚ್ಚು ಸ್ವಚ್ಛವಾಗಿರುತ್ತದೆ. ಮನೆಯಲ್ಲಿ ಹಳೆಯ ಬ್ಯಾಕ್ ಬಾಯ್ಲರಿನ ತಾಮ್ರದ ಪೈಪುಗಳು ಈಗಾಗಲೇ ಇದ್ದು, ಸೌದೆ ಅಗ್ಗವಾಗಿ ಸಿಗುವಂತಿದ್ದು, ಚಳಿಗಾಲದ ಸಂಜೆಗಳಲ್ಲಿ ಯಾರಾದರೂ ಮನೆಯಲ್ಲಿದ್ದು ಬೆಂಕಿ ನೋಡಿಕೊಳ್ಳುವಂತಿದ್ದರೆ ಬಾಯ್ಲರ್ ಮಾದರಿಗೆ ಅರ್ಥವಿದೆ. ಗಂಡ ಹೆಂಡತಿ ಇಬ್ಬರೂ ಸಂಜೆ ಏಳಕ್ಕೆ ಮನೆ ಸೇರುವವರಾದರೆ, ಒಲೆ ಹೊತ್ತಿಸಿ ರೇಡಿಯೇಟರ್‌ಗಳು, ಅಂದರೆ ಕೋಣೆಗಳ ಗೋಡೆಯಲ್ಲಿರುವ ಬಿಸಿನೀರಿನ ಫಲಕಗಳು, ಬಿಸಿಯಾಗುವ ಹೊತ್ತಿಗೆ ಮಲಗುವ ಸಮಯವಾಗಿರುತ್ತದೆ. ಮುಂದಿನ ಕೆಲವು ವರ್ಷಗಳಲ್ಲಿ ಸರಕಾರದ ಎಸ್‌ಇಎಐ ಸಂಸ್ಥೆಯ ಸಹಾಯಧನ ಪಡೆದು, ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಒಳಗೆಳೆಯುವ ಹೀಟ್ ಪಂಪ್ ಹಾಕಿಸುವ ಯೋಚನೆಯಿದ್ದವರಂತೂ ಬಾಯ್ಲರ್ ಸ್ಟವ್‌ಗೆ ಹಣ ಸುರಿಯದಿರುವುದೇ ಲೇಸು, ಏಕೆಂದರೆ ಹೀಟ್ ಪಂಪ್ ಕೇಳುವುದು ಕಡಿಮೆ ಉಷ್ಣತೆಯ ನೀರಿನ ಸುತ್ತನ್ನು, ಸೌದೆ ಬಾಯ್ಲರ್ ಬಯಸುವುದು ಅದಕ್ಕೆ ವಿರುದ್ಧವಾದದ್ದನ್ನು.

ಚಿಮಣಿ ಮತ್ತು ಗೂಡು

ಬಾಯ್ಲರ್ ಬೇಕೆಂದೇ ತೀರ್ಮಾನವಾದರೆ ಮೊದಲು ಕರೆಯಬೇಕಾದವರು ಚಿಮಣಿ ಗುಡಿಸುವವರು. ಕೆಲವು ವರ್ಷ ಬೆಂಕಿ ಕಾಣದ ಚಿಮಣಿಯಲ್ಲಿ ಜ್ಯಾಕ್‌ಡಾ ಎಂಬ ಕಾಗೆಯ ಜಾತಿಯ ಹಕ್ಕಿ ಮೇಲಿನಿಂದ ಕಡ್ಡಿ ಕಡ್ಡಿಯಾಗಿ ಇಳಿಬಿಟ್ಟು ಗೂಡು ಕಟ್ಟಿರುವುದು ಈ ದೇಶದಲ್ಲಿ ಬಹಳ ಸಾಮಾನ್ಯ. ಕುಂಚ ಹಾಕಿದಾಗ ಗೋಣಿಚೀಲಗಟ್ಟಲೆ ಕಡ್ಡಿ, ಉಣ್ಣೆ, ಒಣಹುಲ್ಲು ಕೆಳಗೆ ಉದುರುವುದುಂಟು. ಗುಡಿಸಿದ ಬಳಿಕ ಹೊಗೆಪರೀಕ್ಷೆ ಮಾಡಿಸಬೇಕು: ಕೆಳಗೆ ಹೊಗೆಬಿಲ್ಲೆ ಹೊತ್ತಿಸಿ, ಚಿಮಣಿಯ ಎರಡೂ ತುದಿ ಮುಚ್ಚಿ, ಮೇಲಿನ ಮಲಗುವ ಕೋಣೆಯ ಗೋಡೆಯಲ್ಲೋ ಅಟ್ಟದಲ್ಲೋ ಪಕ್ಕದ ಮನೆಯಲ್ಲೋ ಹೊಗೆ ಜಿನುಗುತ್ತದೆಯೇ ಎಂದು ನೋಡುತ್ತಾರೆ. ಜಿನುಗಿದರೆ ಸ್ಟೇನ್‌ಲೆಸ್ ಸ್ಟೀಲಿನ ಬಳುಕುವ ಒಳಕೊಳವೆಯನ್ನು, ಅಂದರೆ ಲೈನರನ್ನು, ಚಿಮಣಿಯೊಳಗೆ ಇಳಿಸುವುದು ಅನಿವಾರ್ಯ. ಜಿನುಗದಿದ್ದರೂ ಬಾಯ್ಲರ್ ಸ್ಟವ್‌ಗೆ ಲೈನರ್ ಹಾಕಿಸಿಕೊಳ್ಳುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ತೆರೆದ ಬೆಂಕಿಗೆಂದು ಕಟ್ಟಿದ 200 ಮಿಲಿಮೀಟರ್ ಅಗಲದ ಹೊಗೆಮಾರ್ಗದಲ್ಲಿ ಸ್ಟವ್‌ನ ತಣ್ಣನೆಯ, ನಿಧಾನಗತಿಯ ಹೊಗೆ ಮೇಲೇರುವಷ್ಟರಲ್ಲಿ ಆರಿ, ಟಾರಿನಂತಹ ಅಂಟುಮಸಿಯಾಗಿ ಗೋಡೆಗೆ ಹತ್ತುತ್ತದೆ. ಚಿಮಣಿಗೆ ಬೆಂಕಿ ಬೀಳುವುದಕ್ಕೆ ಆ ಅಂಟುಮಸಿಯೇ ಮುಖ್ಯ ಕಾರಣ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಪ್ರಕಾರ ಎಲ್ಲ ಬಗೆಯ ಇಂಧನ ಸುಡುವ, 30 ಕಿಲೋವ್ಯಾಟ್‌ವರೆಗಿನ ಮುಚ್ಚಿದ ಒಲೆಗೆ ಹೊಗೆಮಾರ್ಗದ ವ್ಯಾಸ ಕನಿಷ್ಠ 150 ಮಿಲಿಮೀಟರ್ ಇರಬೇಕು, ಮತ್ತು ಒಲೆಯಿಂದ ಚಿಮಣಿಯ ತುದಿಯವರೆಗಿನ ಎತ್ತರ 4.5 ಮೀಟರಿಗೆ ಕಡಿಮೆಯಿದ್ದರೆ ಸೆಳೆತ ಸಾಲದು ಎಂದು ಗಣಿಸಲಾಗುತ್ತದೆ. ಒಂದೇ ಅಂತಸ್ತಿನ ಬಂಗಲೆಗಳಲ್ಲಿ ಈ ಎತ್ತರವನ್ನು ಅಳೆಯದೆ ಮುಂದುವರಿಯಬಾರದು.

ಗೂಡಿನ ಅಳತೆ ತೆಗೆಯುವಾಗ ಕಣ್ಣಿಗೆ ಕಾಣುವ ಬಾಯಿಯ ಅಗಲ ಎತ್ತರಗಳಷ್ಟೇ ಸಾಲುವುದಿಲ್ಲ. ಇಲ್ಲಿನ ಹೆಚ್ಚಿನ ಗೂಡುಗಳ ಬಾಯಿ 16 ಅಥವಾ 18 ಇಂಚು ಅಗಲವಿದ್ದು, ಇನ್‌ಸೆಟ್ ಒಲೆಗಳೂ ಆ ಎರಡು ಅಳತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾಗುತ್ತವೆ. ಆದರೆ ಬಾಯ್ಲರ್ ಮಾದರಿಗಳಿಗೆ ಆಳವೂ ಬೇಕು, ಪಕ್ಕದಲ್ಲೋ ಹಿಂದೆಯೋ ಪೈಪು ಹೊರಡಲು ಜಾಗವೂ ಬೇಕು. ಒಳಗಿರುವ ಬಾಗಿದ ಸುಟ್ಟಮಣ್ಣಿನ ಹಿಂಗೋಡೆಯನ್ನು ಒಡೆದು ತೆಗೆದ ಮೇಲೆ ಮಾತ್ರ ಇಟ್ಟಿಗೆ ಗೂಡಿನ ನಿಜವಾದ ಆಳ ಗೊತ್ತಾಗುತ್ತದೆ. ಆದ್ದರಿಂದ ಹಿಂಗೋಡೆ ತೆಗೆಸುವ ಕೆಲಸವನ್ನು ಒಲೆ ಕೊಳ್ಳುವ ಮೊದಲೇ ಮಾಡಿಸಿ. ಬಾಯಿಯ ಮೇಲಿನ ಕಾಂಕ್ರೀಟ್ ತೊಲೆ ಎಲ್ಲಿದೆ ಎಂಬುದನ್ನೂ ಆಗಲೇ ಗುರುತು ಹಾಕಿಕೊಳ್ಳಿ. ಹಳೆಯ ಗೂಡುಗಳ ಸಂದಿಗಳಲ್ಲಿ ಕಲ್ನಾರಿನ ಹಗ್ಗ ತುರುಕಿರುವ ಸಾಧ್ಯತೆ ಇರುವುದರಿಂದ ಬಿಳಿಬೂದು ಬಣ್ಣದ ನಾರುನಾರಾದ ವಸ್ತು ಕಂಡರೆ ಕೈ ಹಾಕದೆ ಪರೀಕ್ಷೆ ಮಾಡಿಸುವುದು ಕ್ಷೇಮ.

ಹಳೆಯ ಬ್ಯಾಕ್ ಬಾಯ್ಲರ್ ಇದ್ದರೆ ಅದನ್ನು ಪೂರ್ತಿ ಕಿತ್ತು ಹೊರಹಾಕಬೇಕು. ಪೈಪುಗಳ ಬಾಯಿ ಮುಚ್ಚಿ ಬಾಯ್ಲರನ್ನು ಗೋಡೆಯೊಳಗೇ ಬಿಟ್ಟು ಅದರ ಮುಂದೆ ಬೆಂಕಿ ಹಾಕಿದರೆ ಒಳಗೆ ಉಳಿದ ನೀರು ಆವಿಯಾಗಿ ಸಿಡಿಯುತ್ತದೆ; ಹೀಗೆ ಬಿಟ್ಟ ಬಾಯ್ಲರುಗಳ ಕುರಿತು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಬಹಿರಂಗ ಎಚ್ಚರಿಕೆಯನ್ನೇ ಕೊಟ್ಟಿದೆ.

ನೀರಿನ ಸುತ್ತು

ಇಡೀ ಕೆಲಸದ ಹೃದಯ ಇರುವುದು ಇಲ್ಲಿ. ಗ್ಯಾಸ್ ಅಥವಾ ಎಣ್ಣೆಯ ಬಾಯ್ಲರನ್ನು ಗುಂಡಿ ಒತ್ತಿ ಆರಿಸಬಹುದು. ಉರಿಯುತ್ತಿರುವ ಸೌದೆಯನ್ನು ಹಾಗೆ ಆರಿಸಲಾಗದು. ಪಂಪು ನಿಂತರೂ ಕೆಂಡ ಶಾಖ ಕೊಡುತ್ತಲೇ ಇರುತ್ತದೆ, ಮತ್ತು ಆ ಶಾಖಕ್ಕೆ ಎಲ್ಲಿಗಾದರೂ ಹೋಗಲು ದಾರಿ ಇರಲೇಬೇಕು. 2025ರ ಜನವರಿ 24ರಂದು ಬಂದ ಏಯೊವಿನ್ ಚಂಡಮಾರುತ ಐರ್ಲೆಂಡಿನಲ್ಲಿ 7,68,000 ಗ್ರಾಹಕರ ವಿದ್ಯುತ್ತನ್ನು ಕಡಿದು ಹಾಕಿತು. ಜನ ಒಲೆ ಹೊತ್ತಿಸಲು ಹಾತೊರೆಯುವುದು ಇಂತಹ ದಿನಗಳಲ್ಲಿಯೇ, ಪಂಪು ತಿರುಗದಿರುವುದೂ ಇಂತಹ ದಿನಗಳಲ್ಲಿಯೇ. ವಿದ್ಯುತ್ತಿಲ್ಲದೆಯೂ ಸುರಕ್ಷಿತವಾಗಿರುವ ಸುತ್ತನ್ನು ರೂಪಿಸಲಾಗದಿದ್ದರೆ ಬಾಯ್ಲರ್ ಸ್ಟವ್‌ನ ಯೋಚನೆಯನ್ನು ಅಲ್ಲಿಗೇ ಬಿಡಬೇಕು.

ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಬಾಯ್ಲರಿನಿಂದ ಎರಡು ಸುತ್ತುಗಳು ಹೊರಡುತ್ತವೆ. ಒಂದು ಪಂಪಿನ ಸುತ್ತು. ಅದು ರೇಡಿಯೇಟರ್‌ಗಳಿಗೆ ಹೋಗುತ್ತದೆ. ಇನ್ನೊಂದು ಪಂಪಿಲ್ಲದ ಸುತ್ತು. ಬಿಸಿನೀರು ಹಗುರವಾಗಿ ತಾನೇ ಮೇಲೇರಿ, ಹಾಟ್ ಪ್ರೆಸ್ ಎಂದು ಇಲ್ಲಿನವರು ಕರೆಯುವ ಬೀರುವಿನಲ್ಲಿರುವ, ಮನೆಬಳಕೆಯ ಬಿಸಿನೀರು ತುಂಬಿಡುವ ಸಿಲಿಂಡರಿನೊಳಗಿನ ಸುರುಳಿಯನ್ನು ಹಾದು, ತಣ್ಣಗಾಗಿ ಕೆಳಗಿಳಿಯುತ್ತದೆ. ಈ ಎರಡನೆಯದಕ್ಕೆ 28 ಮಿಲಿಮೀಟರಿನ ತಾಮ್ರದ ಪೈಪು ಬೇಕು, ಅದು ಎಲ್ಲಿಯೂ ತಗ್ಗದೆ ಸತತವಾಗಿ ಏರುತ್ತಿರಬೇಕು, ಮತ್ತು ಸಿಲಿಂಡರ್ ಒಲೆಗಿಂತ ಎತ್ತರದಲ್ಲಿ, ಆದಷ್ಟು ಹತ್ತಿರದಲ್ಲಿರಬೇಕು. ಅದೇ ಸುತ್ತಿನಲ್ಲಿ ಕವಾಟವೇ ಇಲ್ಲದ ಒಂದು ರೇಡಿಯೇಟರನ್ನು, ಸಾಮಾನ್ಯವಾಗಿ ಮಹಡಿಯ ಬಚ್ಚಲುಮನೆಯಲ್ಲಿ, ಕೂರಿಸುತ್ತಾರೆ. ಸಿಲಿಂಡರಿನ ನೀರು ಕಾದು ಮುಗಿದ ಮೇಲೆ ಹೆಚ್ಚುವರಿ ಶಾಖ ಹೋಗುವುದು ಅಲ್ಲಿಗೆ. ಟವೆಲ್ ಒಣಗಿಸಲು ಅನುಕೂಲವೆಂದು ಅದಕ್ಕೆ ಉಷ್ಣತಾ ನಿಯಂತ್ರಕ ಕವಾಟ ಸೇರಿಸಿಬಿಡುವ ಉತ್ಸಾಹಿ ಪ್ಲಂಬರುಗಳಿದ್ದಾರೆ, ಅವರನ್ನು ತಡೆಯಬೇಕು.

ಕಾದು ಉಬ್ಬುವ ನೀರಿಗೂ ಆವಿಗೂ ಹೊರದಾರಿಯಾಗಿ ಅಟ್ಟದಲ್ಲಿ ತೆರೆದ ಬಾಯಿಯ ಒಂದು ಚಿಕ್ಕ ಟ್ಯಾಂಕು ಇರುತ್ತದೆ. ಬಾಯ್ಲರಿನಿಂದ ಅಲ್ಲಿಯವರೆಗೆ ಏರುವ ತೆರಪಿನ ಪೈಪಿಗೆ ಎಲ್ಲಿಯೂ ಕವಾಟ ಇರಕೂಡದು, ಚಳಿಗೆ ಹೆಪ್ಪುಗಟ್ಟದಂತೆ ಪೈಪು, ಟ್ಯಾಂಕು ಎರಡಕ್ಕೂ ಹೊದಿಕೆ ಇರಬೇಕು, ಟ್ಯಾಂಕು ಕುದಿನೀರನ್ನು ತಾಳುವಂಥದ್ದಾಗಿರಬೇಕು. ಬಾಯ್ಲರಿಗೆ ಹತ್ತಿರದ ಪೈಪುಗಳೆಲ್ಲ ಲೋಹದವೇ ಆಗಿರಬೇಕು; ಪ್ಲಾಸ್ಟಿಕ್ ಪೈಪಿಗೆ ಅಲ್ಲಿ ಜಾಗವಿಲ್ಲ.

ಮನೆಯಲ್ಲಿ ಈಗಾಗಲೇ ಎಣ್ಣೆ ಅಥವಾ ಗ್ಯಾಸ್ ಬಾಯ್ಲರ್ ಇದ್ದು, ಅದರ ಸುತ್ತು ಒತ್ತಡ ತುಂಬಿದ ಮುಚ್ಚಿದ ಸುತ್ತಾಗಿದ್ದರೆ, ತೆರೆದ ಸುತ್ತಿನ ಸೌದೆ ಬಾಯ್ಲರನ್ನು ಅದಕ್ಕೆ ನೇರವಾಗಿ ಜೋಡಿಸಲಾಗದು. ಎರಡರ ನಡುವೆ, ನೀರು ಬೆರೆಯದೆ ಶಾಖ ಮಾತ್ರ ದಾಟುವಂತೆ, ತಟ್ಟೆಗಳನ್ನು ಜೋಡಿಸಿದ ಶಾಖ ವಿನಿಮಯ ಪೆಟ್ಟಿಗೆಯನ್ನು ಕೂರಿಸುತ್ತಾರೆ. ಸಿಲಿಂಡರಿಗೂ ಎರಡು ಸುರುಳಿಗಳು ಬೇಕಾಗುತ್ತವೆ. ಒಲೆಯ ಬೆಲೆಯಷ್ಟೇ ಖರ್ಚು ಈ ಜೋಡಣೆಗೂ ತಗಲಬಹುದಾದ್ದರಿಂದ ಅಂದಾಜುಪಟ್ಟಿಯನ್ನು ಮೊದಲೇ ಬರೆಸಿಕೊಳ್ಳುವುದು ಅಗತ್ಯ.

ಕೊನೆಯದಾಗಿ, ಹಿಂದಿರುಗುವ ನೀರಿನ ಉಷ್ಣತೆ. ರೇಡಿಯೇಟರ್‌ಗಳಿಂದ ತೀರ ತಣ್ಣನೆಯ ನೀರು ಬಾಯ್ಲರಿಗೆ ಮರಳಿದರೆ ಉಕ್ಕಿನ ಒಳಗೋಡೆಯ ಮೇಲೆ ಹೊಗೆಯ ತೇವ ಇಬ್ಬನಿಯಂತೆ ಕೂತು, ಮಸಿಯೊಡನೆ ಸೇರಿ ಆಮ್ಲೀಯ ಲೇಪವಾಗುತ್ತದೆ. ಕಾಲಕ್ರಮೇಣ ಬಾಯ್ಲರಿಗೆ ತೂತು ಬೀಳುತ್ತದೆ. ಮರಳುವ ನೀರು ಸುಮಾರು 45ರಿಂದ 55 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವ ಬೆರಕೆ ಕವಾಟ ಅಥವಾ ಕನಿಷ್ಠ ಪೈಪಿಗೆ ಕಟ್ಟಿದ ಥರ್ಮೋಸ್ಟಾಟ್ ಇರಲಿ. ಬಾಯ್ಲರ್ ಸಾಕಷ್ಟು ಕಾಯುವವರೆಗೆ ಥರ್ಮೋಸ್ಟಾಟ್ ಪಂಪನ್ನು ತಿರುಗಗೊಡುವುದಿಲ್ಲ. ಹಲವು ಮನೆಗಳಲ್ಲಿ ಪಂಪನ್ನು ಗೋಡೆಯ ಸ್ವಿಚ್ಚಿಗೆ ಜೋಡಿಸಿ, ಬೆಂಕಿ ಹೊತ್ತಿಸಿದ ಕೂಡಲೇ ಒತ್ತುತ್ತಾರೆ. ಗಾಜು ಸದಾ ಕಪ್ಪಾಗಿರುತ್ತದೆ ಎಂದು ಅವರು ಒಲೆಯನ್ನು ದೂರುವುದು ಆಮೇಲಿನ ಮಾತು.

ಬಂಗಲೆಗಳಲ್ಲಿ ಸಿಲಿಂಡರ್ ಒಲೆಯ ಮಟ್ಟದಲ್ಲಿಯೇ, ಅದೂ ಮೊಗಸಾಲೆಯ ಆ ತುದಿಯಲ್ಲಿ ಇರುವುದರಿಂದ ತಾನಾಗಿ ಏರುವ ಸುತ್ತು ಸೊರಗುತ್ತದೆ. ಸಿಲಿಂಡರನ್ನು ಅಟ್ಟಕ್ಕೆ ಸಾಗಿಸುವುದು ಒಂದು ದಾರಿ. ಅದಾಗದಿದ್ದರೆ ಬಾಯ್ಲರಿಲ್ಲದ ಇನ್‌ಸೆಟ್ ಒಲೆಗೆ ಮರಳುವುದೇ ವಿವೇಕ.

ಎಷ್ಟು ಕಿಲೋವ್ಯಾಟ್?

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವುದು ಒಟ್ಟು ಸಂಖ್ಯೆ. ನಮಗೆ ಬೇಕಾದದ್ದು ಕೋಣೆಗೆ ಎಷ್ಟು, ನೀರಿಗೆ ಎಷ್ಟು ಎಂಬ ವಿಂಗಡಣೆ. ಕೋಣೆಯ ಪಾಲನ್ನು ಅಂದಾಜು ಮಾಡಲು ಇಲ್ಲಿ ಬಳಕೆಯಲ್ಲಿರುವ ಸೂತ್ರ ಸರಳ: ಕೋಣೆಯ ಘನ ಅಳತೆಯನ್ನು ಮೀಟರುಗಳಲ್ಲಿ ತೆಗೆದು 14ರಿಂದ ಭಾಗಿಸಬೇಕು. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಹಾಲ್‌ನಲ್ಲಿ 50 ಘನಮೀಟರ್ ಗಾಳಿಯಿದ್ದು, ಅದಕ್ಕೆ ಸುಮಾರು 3.6 ಕಿಲೋವ್ಯಾಟ್ ಸಾಕಾಗುತ್ತದೆ. ಗೋಡೆಗಳಿಗೆ ಶಾಖನಿರೋಧಕ ತುಂಬಿಸಿದ ಮನೆಯಾದರೆ ಇನ್ನೂ ಕಡಿಮೆ.

ನೀರಿನ ಪಾಲಿಗೆ ರೇಡಿಯೇಟರ್‌ಗಳನ್ನು ಎಣಿಸಬೇಕು. 600 ಮಿಲಿಮೀಟರ್ ಎತ್ತರ, 1000 ಮಿಲಿಮೀಟರ್ ಅಗಲದ ಒಂಟಿಪದರದ ರೇಡಿಯೇಟರ್ ಸುಮಾರು 1 ಕಿಲೋವ್ಯಾಟ್, ಜೋಡಿಪದರದ್ದು ಸುಮಾರು 1.7 ಕಿಲೋವ್ಯಾಟ್ ಹೊರಸೂಸುತ್ತದೆ. ಮೂರು ಮಲಗುವ ಕೋಣೆಗಳ ಮನೆಯಲ್ಲಿ ಜೋಡಿಪದರದವು ಮೂರು, ಒಂಟಿಪದರದವು ಮೂರು ಇದ್ದರೆ 8.1 ಕಿಲೋವ್ಯಾಟ್ ಆಯಿತು. ಸಿಲಿಂಡರಿಗೆ 2.5, ಪೈಪುಗಳಲ್ಲಿ ಸೋರುವುದಕ್ಕೆ 1 ಸೇರಿಸಿದರೆ ಹೆಚ್ಚುಕಡಿಮೆ 12. ಹಾಗಾಗಿ ಕೋಣೆಗೆ 4, ನೀರಿಗೆ 12, ಒಟ್ಟು 16 ಕಿಲೋವ್ಯಾಟಿನ ಒಲೆ ಬೇಕೆಂದು ಅಂಗಡಿಯವರು ಹೇಳುತ್ತಾರೆ.

ಸೌದೆಯ ರಾಶಿಯ ಮುಂದೆ ನಿಂತು ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಬೇಕು. ಚೆನ್ನಾಗಿ ಒಣಗಿದ ಸೌದೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 4 ಕಿಲೋವ್ಯಾಟ್ ಗಂಟೆಯಷ್ಟು ಶಾಖವಿದೆ. ಶೇಕಡಾ 75ರ ದಕ್ಷತೆಯಲ್ಲಿ 16 ಕಿಲೋವ್ಯಾಟ್ ಪಡೆಯಲು ಗಂಟೆಗೆ 5.3 ಕಿಲೋ, ಅಂದರೆ ಐದು ಗಂಟೆಯ ಸಂಜೆಗೆ ಸುಮಾರು 27 ಕಿಲೋ ಸೌದೆ ಬೇಕು. ಅಷ್ಟನ್ನು ಹೊರಗಿನ ಕೊಟ್ಟಿಗೆಯಿಂದ ಮಳೆಯಲ್ಲಿ ಹೊತ್ತು ತಂದು, ಮುಕ್ಕಾಲು ಗಂಟೆಗೊಮ್ಮೆ ಒಲೆಗೆ ಹಾಕುವ ತಾಳ್ಮೆ ನವೆಂಬರಿನಲ್ಲಿ ಇದ್ದರೂ ಫೆಬ್ರವರಿಯಲ್ಲಿ ಉಳಿದಿರುವುದು ಕಷ್ಟ. ಬೇರೊಂದು ಬಾಯ್ಲರ್ ಇರುವ ಮನೆಗಳಲ್ಲಿ ನೀರಿಗೆ 8 ಕಿಲೋವ್ಯಾಟ್ ಕೊಡುವ ಒಲೆಯನ್ನು ತೆಗೆದುಕೊಂಡು ಅದನ್ನು ಪೂರ್ಣ ಉರಿಯಲ್ಲಿ ನಡೆಸುವುದು, 12ರದ್ದನ್ನು ಕೊಂಡು ಉಸಿರುಗಟ್ಟಿಸಿ ನಡೆಸುವುದಕ್ಕಿಂತ ಮೇಲು. ಬಾಯ್ಲರ್ ಸ್ಟವ್‌ನ ಒಳಗೋಡೆಯನ್ನು ನೀರು ಸದಾ ತಂಪಾಗಿಸುತ್ತಿರುವುದರಿಂದ, ಮಂದ ಉರಿಯಲ್ಲಿ ಹೊಗೆ ಪೂರ್ತಿ ಸುಡದೆ ಮಸಿಯಾಗಿ ನಿಲ್ಲುತ್ತದೆ.

ತಯಾರಕರ ಪಟ್ಟಿಯ ಅಂಕಿಗಳನ್ನು ಯಾವ ಇಂಧನದಲ್ಲಿ ಅಳೆದಿದ್ದಾರೆ ಎಂದೂ ಕೇಳಬೇಕು. ಹೊಗೆರಹಿತ ಕಲ್ಲಿದ್ದಲಿನ ಉಂಡೆಗಳಲ್ಲಿ ಅಳೆದ ಅಂಕಿ ಸೌದೆಯಲ್ಲಿ ಸಿಗುವುದಿಲ್ಲ.

ಸಿಲಿಂಡರಿನ ವಿಷಯದಲ್ಲಿ ಒಂದು ಮಾತು: 140 ಲೀಟರ್ ನೀರನ್ನು 10 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 8 ಕಿಲೋವ್ಯಾಟ್ ಗಂಟೆ ಬೇಕು. ಸುರುಳಿ 2.5 ಕಿಲೋವ್ಯಾಟ್ ಹೀರಿದರೆ ಮೂರು ಗಂಟೆಗೂ ಮಿಕ್ಕಿ ಕಾಯಬೇಕಾಗುತ್ತದೆ. ಬೆಳಗಿನ ಸ್ನಾನಕ್ಕೆ ಹಿಂದಿನ ರಾತ್ರಿಯ ಬೆಂಕಿಯೇ ಆಧಾರವಾದ್ದರಿಂದ ಸಿಲಿಂಡರಿನ ಹೊದಿಕೆ ದಪ್ಪವಾಗಿರಲಿ.

ಇಂಧನ

ಡಬ್ಲಿನ್‌ನಲ್ಲಿ ಹೊಗೆಯ ಕಲ್ಲಿದ್ದಲಿನ ಮಾರಾಟಕ್ಕೆ 1990ರಲ್ಲಿ ಬಂದ ನಿಷೇಧ ಕಾಲಕ್ರಮೇಣ ವಿಸ್ತರಿಸಿ, 2022ರ ಅಕ್ಟೋಬರ್ 31ರಿಂದ ಇಡೀ ದೇಶಕ್ಕೆ ಅನ್ವಯವಾಗಿದೆ. ಅದೇ ನಿಯಮಗಳು ಹಸಿಸೌದೆಯ ಮಾರಾಟಕ್ಕೂ ತೇವಾಂಶದ ಮಿತಿ ಹಾಕಿವೆ. ಟರ್ಫ್, ಅಂದರೆ ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್, ಅಂಗಡಿಗಳಲ್ಲಿ ಸಿಗದು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ, 2 ಘನಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವ ಶೇಕಡಾ 20ನ್ನು ಮೀರುವಂತಿಲ್ಲ. ತೇವಮಾಪಕ ಅಗ್ಗದ ಸಾಧನ. ಕೊರಡನ್ನು ಸೀಳಿ, ಹೊಸದಾಗಿ ತೆರೆದ ಮುಖಕ್ಕೆ ಅದರ ಮುಳ್ಳುಗಳನ್ನು ಚುಚ್ಚಿ ನೋಡಬೇಕು. ಹೊರಮೈಗೆ ಚುಚ್ಚಿದರೆ ಯಾವ ಸೌದೆಯೂ ಒಣಗಿದಂತೆಯೇ ಕಾಣುತ್ತದೆ. ಹೊಗೆರಹಿತ ಉಂಡೆಗಳನ್ನೂ ಸೌದೆಯನ್ನೂ ಒಟ್ಟಿಗೆ ಸುಡದಿರುವುದು ಲೈನರಿಗೆ ಒಳ್ಳೆಯದು, ಏಕೆಂದರೆ ಒಂದರ ಗಂಧಕವೂ ಇನ್ನೊಂದರ ತೇವವೂ ಕೂಡಿ ಆಮ್ಲವಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಈಗ ಒಲೆ. 2022ರ ಜನವರಿ 1ರಿಂದ ಜಾರಿಯಲ್ಲಿರುವ, ಯೂರೋಪ್ ಒಕ್ಕೂಟದ ಇಕೋಡಿಸೈನ್ ನಿಯಮದ ಪ್ರಕಾರ ಮುಚ್ಚಿದ ಸೌದೆ ಒಲೆಗಳ ಋತುಮಾನ ದಕ್ಷತೆ ಶೇಕಡಾ 65ಕ್ಕಿಂತ ಕಡಿಮೆ ಇರುವಂತಿಲ್ಲ. ಹೊಗೆಯ ಕಣಗಳಿಗೂ ಮಿತಿಯಿದೆ. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಡುವವರಿಂದ ಈ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಇನ್‌ಸೆಟ್ ಒಲೆಗಳಿಗೆ ಅನ್ವಯಿಸುತ್ತ ಬಂದ ಯೂರೋಪಿನ ಮಾನಕ ಇಎನ್ 13229. ಬಿಡಿಯಾಗಿ ನಿಲ್ಲುವ ಒಲೆಗಳ ಮಾನಕ ಬೇರೆ.

ಅಂಗಡಿಗೆ ಹೋಗುವಾಗ ಮನೆಯ ಸೌದೆಯ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ನೀರಿನ ಕವಚ ಮೂರು ಕಡೆಯಿಂದಲೂ ಜಾಗ ತಿನ್ನುವುದರಿಂದ, ಹೊರಗೆ ಅಗಲವಾಗಿ ಕಾಣುವ ಇನ್‌ಸೆಟ್ ಬಾಯ್ಲರ್ ಒಲೆಯ ಒಳಗೂಡು ಆಶ್ಚರ್ಯಪಡುವಷ್ಟು ಇಕ್ಕಟ್ಟಾಗಿರುತ್ತದೆ. ಮೂವತ್ತು ಸೆಂಟಿಮೀಟರಿನ ಕೊರಡು ಓರೆಯಾಗಿಯಷ್ಟೇ ಹೋಗುವುದಾದರೆ, ಮುಂದಿನ ಪ್ರತಿ ಚಳಿಗಾಲದಲ್ಲಿಯೂ ಅದನ್ನು ಎರಡಾಗಿ ಕೊಯ್ಯಬೇಕಾದವರು ನೀವೇ. ಬಾಗಿಲು ತೆರೆದು, ಒಳಗೆ ಕೈಹಾಕಿ, ಮೇಲ್ಭಾಗದಲ್ಲಿ ಹೊಗೆಯನ್ನು ಬಳಸಿ ಕಳುಹಿಸುವ ತಡೆತಟ್ಟೆಯನ್ನು ಬಿಚ್ಚಿ ತೋರಿಸುವಂತೆ ಮಾರುವವರನ್ನು ಕೇಳಿ. ಸ್ಪ್ಯಾನರ್ ಇಲ್ಲದೆ, ಒಂದೇ ಕೈಯಲ್ಲಿ, ಎರಡು ನಿಮಿಷದೊಳಗೆ ಅದು ಹೊರಬರಬೇಕು. ಅದರ ಮೇಲೆ ಕೂರುವ ಬೂದಿಯನ್ನು ತಿಂಗಳಿಗೊಮ್ಮೆಯಾದರೂ ತೆಗೆಯದಿದ್ದರೆ ಹೊಗೆ ಕೋಣೆಗೆ ಹಿಮ್ಮರಳುತ್ತದೆ. ಇನ್‌ಸೆಟ್ ಒಲೆಯಲ್ಲಿ ಚಿಮಣಿ ಗುಡಿಸುವ ಕುಂಚವೂ ಇದೇ ದಾರಿಯಿಂದ ಹೋಗಬೇಕಾಗುವುದರಿಂದ ಇದು ಸಣ್ಣ ವಿಷಯವಲ್ಲ. ಬಾಯ್ಲರಿನ ತಗಡಿನ ದಪ್ಪ, ಬಾಯ್ಲರಿಗೆ ಪ್ರತ್ಯೇಕವಾಗಿ ಎಷ್ಟು ವರ್ಷದ ಖಾತರಿ, ಪೈಪಿನ ಬಾಯಿಗಳು ಪಕ್ಕದಲ್ಲಿವೆಯೋ ಹಿಂದೆಯೋ, ಬಿಡಿಭಾಗಗಳಾದ ಜಾಲರಿ, ಗಾಜು, ಬಾಗಿಲಿನ ಸಂದಿ ಮುಚ್ಚುವ ಹಗ್ಗ ಸುಲಭವಾಗಿ ದೊರೆಯುತ್ತವೆಯೇ ಎಂಬುದನ್ನೂ ಬರೆದುಕೊಳ್ಳಿ. ಮುಂಭಾಗದ ಬಣ್ಣ, ಅಲಂಕಾರ ಕೊನೆಗೆ.

ಗಾಳಿ ಮತ್ತು ಎಚ್ಚರಿಕೆ ಗಂಟೆ

ಇಂಗ್ಲೆಂಡಿನ ನಿಯಮದಂತೆ ಹಳೆಯ ಮನೆಗಳಲ್ಲಿ 5 ಕಿಲೋವ್ಯಾಟಿಗೆ ಮೇಲ್ಪಟ್ಟ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿಲಿಮೀಟರಿನಂತೆ ಸದಾ ತೆರೆದಿರುವ ಗಾಳಿಕಿಂಡಿ ಬೇಕು. ಒಟ್ಟು 13 ಕಿಲೋವ್ಯಾಟಿನ ಒಲೆಗೆ ಅದು 4,400 ಚದರ ಮಿಲಿಮೀಟರ್. ಐರ್ಲೆಂಡಿನಲ್ಲಿ ಕಟ್ಟಡ ನಿಯಮಗಳ ಭಾಗ ಜೆ ಇದನ್ನು ನಿರ್ದೇಶಿಸುತ್ತದೆ. ಚಳಿಗಾಳಿ ಬರುತ್ತದೆಂದು ಈ ಕಿಂಡಿಗೆ ಬಟ್ಟೆ ತುರುಕುವುದು ಪ್ರಾಣಾಪಾಯದ ಕೆಲಸ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಇಎನ್ 50291 ಮಾನಕದ್ದಾಗಿರಬೇಕು. ಐರ್ಲೆಂಡಿನಲ್ಲಿ ಒಲೆಯಿರುವ ಕೋಣೆಯಲ್ಲಿ ಒಂದು, ಮಲಗುವ ಕೋಣೆಗಳ ಒಳಗೆ ಅಥವಾ ಅವುಗಳ ಬಾಗಿಲಿನಿಂದ 5 ಮೀಟರಿನೊಳಗೆ ಇನ್ನೊಂದು ಇರಬೇಕೆಂಬುದು ನಿಯಮ.

ಅಳವಡಿಕೆ ಮತ್ತು ಮೊದಲ ಬೆಂಕಿ

ಇಂಗ್ಲೆಂಡಿನಲ್ಲಿ, ಘನ ಇಂಧನದ ಒಲೆ ಅಳವಡಿಸುವವರನ್ನು ನೋಂದಾಯಿಸುವ ಹೆಟಾಸ್ ಸಂಸ್ಥೆಯ ನೋಂದಣಿ ಇರುವವರಿಂದ ಮಾಡಿಸಿದರೆ ಪ್ರಮಾಣಪತ್ರ ಅವರೇ ಕೊಡುತ್ತಾರೆ, ಇಲ್ಲವಾದರೆ ಸ್ಥಳೀಯ ಕಟ್ಟಡ ನಿಯಂತ್ರಣ ಕಚೇರಿಗೆ ಮೊದಲೇ ತಿಳಿಸಬೇಕು. ಯಾರೇ ಮಾಡಲಿ, ಒಂದು ಕರಾರನ್ನು ಬಿಡಬೇಡಿ: ಪೈಪಿನ ಜೋಡಣೆ ಮುಗಿದ ಮೇಲೆ ಸುತ್ತಿನೊಳಗೆ ನೀರು ತುಂಬಿಸಿ, ಒಂದೆರಡು ದಿನ ಹಾಗೆಯೇ ಬಿಟ್ಟು, ಪ್ರತಿ ಕೀಲಿನ ಕೆಳಗೆ ಒಣ ಕಾಗದ ಹಿಡಿದು ಸೋರಿಕೆ ಇಲ್ಲವೆಂದು ಕಂಡುಕೊಂಡ ನಂತರವಷ್ಟೇ ಒಲೆಯ ಹಿಂದಿನ ಜಾಗಕ್ಕೆ ಗಾರೆ ತುಂಬಬೇಕು. ಆ ಹಂತದಲ್ಲಿ ಅಳತೆಪಟ್ಟಿ ಕಾಣುವಂತೆ ಕೀಲುಗಳ ಚಿತ್ರ ತೆಗೆದಿಟ್ಟುಕೊಂಡರೆ, ಮುಂದೆಂದೋ ಗೋಡೆ ಒದ್ದೆಯಾದಾಗ ಎಲ್ಲಿ ಒಡೆಯಬೇಕೆಂದು ಗೊತ್ತಿರುತ್ತದೆ.

ಬಾಯ್ಲರಿನಲ್ಲಿ ನೀರಿಲ್ಲದೆ ಪರೀಕ್ಷೆಗೆಂದೂ ಕಡ್ಡಿ ಗೀರಬಾರದು. ಮೊದಲ ಕೆಲವು ಬೆಂಕಿಗಳು ಚಿಕ್ಕವಾಗಿರಲಿ. ಗಾರೆ ಒಣಗಬೇಕು, ಬಣ್ಣ ಬೇಯಬೇಕು, ಆಗ ಬರುವ ಕಮಟು ವಾಸನೆಗೆ ಕಿಟಕಿ ತೆರೆದಿಡಬೇಕು. ಮೂರನೆಯ ಅಥವಾ ನಾಲ್ಕನೆಯ ಬೆಂಕಿ ಚೆನ್ನಾಗಿ ಹತ್ತಿಕೊಂಡಾಗ, ಅಳವಡಿಸಿದವರು ಅಲ್ಲಿರುವಾಗಲೇ ಪಂಪಿನ ಸ್ವಿಚ್ಚನ್ನು ಆರಿಸಿ, ಬಚ್ಚಲುಮನೆಯ ಕವಾಟವಿಲ್ಲದ ರೇಡಿಯೇಟರ್ ತಾನಾಗಿ ಬಿಸಿಯೇರುತ್ತದೆಯೇ ಎಂದು ಕೈಯಿಟ್ಟು ನೋಡಿ. ಅದು ತಣ್ಣಗಿದ್ದರೆ ಬಾಕಿ ಹಣ ಕೊಡುವ ಸಮಯ ಇನ್ನೂ ಬಂದಿಲ್ಲ.